ಮೊದಲ ಭೇಟಿ ಬೇಗ, ಎರಡನೆಯದು ಯಾವಾಗ? ಕೌನ್ಸೆಲಿಂಗ್ ಕೇಂದ್ರದ ಸರತಿ ಬಿಡಿಸಿದ ಒಂದು ವರ್ಷ

ಸೆಮಿಸ್ಟರ್ ಶುರುವಾಗಿ ಐದಾರು ವಾರ ಕಳೆಯುವಷ್ಟರಲ್ಲಿ ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಕೇಂದ್ರದ ಡೈರಿ ತುಂಬಿಹೋಗುತ್ತದೆ. ಆಮೇಲೆ ಬಂದವರಿಗೆ ‘ಮೂರು ವಾರ ಬಿಟ್ಟು ಬನ್ನಿ’ ಎನ್ನಬೇಕಾಗುತ್ತದೆ. ಎಷ್ಟೋ ದಿನ ಹಿಂದುಮುಂದು ನೋಡಿ ಕೊನೆಗೂ ಬಾಗಿಲು ತಟ್ಟಿದ ವಿದ್ಯಾರ್ಥಿಗೆ ಆ ಮಾತು ‘ನಿನ್ನ ಕಷ್ಟ ಅಷ್ಟೇನೂ ದೊಡ್ಡದಲ್ಲ’ ಎಂದೇ ಕೇಳಿಸುತ್ತದೆ. ಹೇಳುವವರಿಗೂ ಅದು ಸಂಜೆಯವರೆಗೆ ಎದೆಯಲ್ಲಿ ಉಳಿಯುತ್ತದೆ. ಈ ಸರತಿಯನ್ನು ಕರಗಿಸಲೆಂದು ಕೆಲಸದ ಕ್ರಮವನ್ನು ಬುಡದಿಂದ ಬದಲಿಸಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಮುಗಿಸಿದ್ದೇವೆ. ಇದೇ ದಾರಿ ಹಿಡಿಯಲಿರುವ ಆಪ್ತಸಮಾಲೋಚಕರಿಗಾಗಿ, ಯಾವುದು ಯಾವ ಹಂತದಲ್ಲಿ ಎದುರಾಗುತ್ತದೆ, ಎಲ್ಲಿ ಕೈಕೊಡುತ್ತದೆ, ಏಕೆ ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಬರುವವರ ಸಂಖ್ಯೆ ಏರಿದ್ದು ‘ಈಗಿನ ಮಕ್ಕಳು ನಾಜೂಕು’ ಎಂಬ ಕಾರಣಕ್ಕಲ್ಲ. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು 24ನೇ ವಯಸ್ಸಿನೊಳಗೇ ಶುರುವಾಗುತ್ತವೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಲೇಜು ಸಮೀಕ್ಷೆ 8 ದೇಶಗಳ ಸುಮಾರು 14,000 ಮೊದಲ ವರ್ಷದ ವಿದ್ಯಾರ್ಥಿಗಳನ್ನು ವಿಚಾರಿಸಿತ್ತು. ಅವರಲ್ಲಿ ಶೇ. 35ರಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಒಂದು ಕಾಯಿಲೆಯ ಲಕ್ಷಣ ಕಂಡಿತ್ತು. 2018ರಲ್ಲಿ ಬಂದ ವರದಿ ಅದು. ಅಂದರೆ ಅಗತ್ಯ ಮೊದಲಿಂದಲೂ ಇತ್ತು. ನೆರವು ಕೇಳುವ ಧೈರ್ಯ ಈಗ ಬಂದಿದೆ. ಅದು ಒಳ್ಳೆಯದೇ.

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸೆಂಟರ್ ಫಾರ್ ಕಾಲೇಜಿಯೇಟ್ ಮೆಂಟಲ್ ಹೆಲ್ತ್ ನೂರಾರು ಕಾಲೇಜುಗಳ ಕೌನ್ಸೆಲಿಂಗ್ ಕೇಂದ್ರಗಳ ಮಾಹಿತಿಯನ್ನು ಒಟ್ಟುಗೂಡಿಸುತ್ತದೆ. ಅದರ ಪ್ರಕಾರ 2009ರಿಂದ 2015ರ ನಡುವೆ ವಿದ್ಯಾರ್ಥಿಗಳ ದಾಖಲಾತಿ ಶೇ. 5ರಷ್ಟು ಏರಿದರೆ, ಕೇಂದ್ರಗಳಿಗೆ ಬರುವವರು ಶೇ. 30ರಿಂದ 40ರಷ್ಟು ಹೆಚ್ಚಿದರು. ಅದೇ ಸಂಸ್ಥೆಯ ಇನ್ನೊಂದು ಅಂಕಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು: ಆರು ವರ್ಷಗಳಲ್ಲಿ, ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ, ತುರ್ತು ಮತ್ತು ತಕ್ಷಣದ ಭೇಟಿಗಳ ಗಂಟೆಗಳು ಶೇ. 28ರಷ್ಟು ಏರಿದವು, ಮುಂದುವರಿಯುವ ಚಿಕಿತ್ಸೆಯ ಗಂಟೆಗಳು ಶೇ. 7.6ರಷ್ಟು ಇಳಿದವು. ಬಾಗಿಲು ಅಗಲವಾಯಿತು, ಒಳಗಿನ ಜಾಗ ಕಿರಿದಾಯಿತು. ಹೊಸಬರನ್ನೆಲ್ಲ ಕೂಡಲೇ ನೋಡುತ್ತೇವೆಂದು ಹೊರಟ ಕೇಂದ್ರ ತನಗೆ ಗೊತ್ತಿಲ್ಲದೆಯೇ ಹಳಬರ ಎರಡನೆಯ, ಮೂರನೆಯ ಭೇಟಿಯನ್ನು ತಿಂಗಳಾಚೆ ತಳ್ಳುತ್ತದೆ. ಈ ವರ್ಷ ನಾವು ಕೈಗೊಂಡ ಪ್ರತಿ ನಿರ್ಧಾರವೂ ಅದನ್ನು ತಡೆಯಲೆಂದೇ.

ಕೆಲಸ ಶುರುವಾಗಬೇಕಾದದ್ದು ತರಗತಿಗಳು ತೆರೆಯುವ ಮೊದಲು, ಕಾಗದ ಪೆನ್ನು ಹಿಡಿದು. ವಾರಕ್ಕೆ 40 ಗಂಟೆ ದುಡಿಯುವ ಕೌನ್ಸೆಲರ್ ವಿದ್ಯಾರ್ಥಿಗಳ ಎದುರು ಕೂರಬಹುದಾದದ್ದು ಸುಮಾರು 24 ಗಂಟೆ. ಉಳಿದ ಸಮಯ ಟಿಪ್ಪಣಿ ಬರೆಯಲು, ಫೋನು ಕರೆಗಳಿಗೆ, ಪ್ರಕರಣಗಳ ಚರ್ಚೆಗೆ, ಸೂಪರ್‌ವಿಷನ್‌ಗೆ (ಹಿರಿಯರೊಂದಿಗೆ ಕೂತು ತನ್ನ ಕೆಲಸವನ್ನು ಪರಿಶೀಲಿಸಿಕೊಳ್ಳುವುದಕ್ಕೆ), ತರಗತಿಗಳಲ್ಲಿ ಮಾತಾಡಲು ಬೇಕು. 24ನ್ನು 30ಕ್ಕೆ ಏರಿಸಿ ನೋಡೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಒಪ್ಪಬೇಡಿ. ಬರೆಯದೆ ಉಳಿದ ಟಿಪ್ಪಣಿಗಳು ಮೊದಲು ರಾಶಿ ಬೀಳುತ್ತವೆ, ನಂತರ ಕೌನ್ಸೆಲರ್ ರಜೆ ಹಾಕುತ್ತಾರೆ. ಆಗ 24 ಗಂಟೆಯೂ ಸಿಗುವುದಿಲ್ಲ.

ಈಗ ಆ 24 ಗಂಟೆಯನ್ನು ಹಂಚಿ. ಹೊಸಬರ ಮೊದಲ ಭೇಟಿಗೆ 5 ಗಂಟೆ. ಅರ್ಧ ಗಂಟೆಗೊಬ್ಬರಂತೆ ವಾರಕ್ಕೆ 10 ಮಂದಿ. ತುರ್ತಿಗೆ 3 ಗಂಟೆ. ಮುಂದುವರಿಯುವವರಿಗೆ 16 ಗಂಟೆ. ಹತ್ತು ಹೊಸಬರಲ್ಲಿ ಐವರಿಗೆ ಮುಂದಿನ ಸೆಷನ್‌ಗಳು ಬೇಕು, ಸರಾಸರಿ ಐದು ಸೆಷನ್ ಎಂದಿಟ್ಟುಕೊಳ್ಳಿ. ಆಗ ಪ್ರತಿ ವಾರ 25 ಗಂಟೆಯ ಬೇಡಿಕೆ ಹುಟ್ಟುತ್ತದೆ, ಕೈಯಲ್ಲಿರುವುದು 16. ಒಂಬತ್ತು ಗಂಟೆಯ ಕೊರತೆ ವಾರವಾರವೂ ಸೇರಿಕೊಳ್ಳುತ್ತ ಹೋಗುವುದೇ ಸರತಿ. ಕೌನ್ಸೆಲರ್ ಎಷ್ಟೇ ಚುರುಕಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಬದಲಾಗುವುದು ಆ ಐವರಲ್ಲಿ ಇಬ್ಬರಿಗೆ ಬೇರೆ ಒಳ್ಳೆಯ ದಾರಿ ಸಿಕ್ಕಾಗ ಮಾತ್ರ: ಗುಂಪು, ಸ್ವಸಹಾಯದ ಮಾರ್ಗದರ್ಶನ, ಅಥವಾ ಹೊರಗಿನ ತಜ್ಞರು. ಆಗ ಉಳಿದ ಮೂವರಿಗೆ ಐದರಂತೆ 15 ಗಂಟೆ ಸಾಕು, ಹದಿನಾರರೊಳಗೆ ಹೊಂದುತ್ತದೆ. ನಿಮ್ಮ ಕೇಂದ್ರದ ಸಂಖ್ಯೆಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ಆಮೇಲೆ ಫಾರಂಗಳು. ಹೊಸಬರು ತುಂಬುವ ಫಾರಂ ಉದ್ದವಾದಷ್ಟೂ ಅರ್ಧಕ್ಕೇ ಬಿಟ್ಟು ಹೋಗುವವರು ಹೆಚ್ಚು. ಹೆಸರು, ಸಂಪರ್ಕ, ತುರ್ತಿನಲ್ಲಿ ಯಾರಿಗೆ ತಿಳಿಸಬೇಕು, ಈಗ ಯಾವುದಾದರೂ ಔಷಧಿ ನಡೆಯುತ್ತಿದೆಯೇ, ಇಲ್ಲಿಗೆ ಬರಲು ಕಾರಣವೇನು ಎಂದು ಎರಡು ಸಾಲು. ಇದರ ಜೊತೆ ಎರಡು ಚಿಕ್ಕ ಪ್ರಶ್ನಾವಳಿಗಳು: ಖಿನ್ನತೆಯನ್ನು ಅಳೆಯಲು ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9, ಆತಂಕಕ್ಕೆ ಏಳು ಪ್ರಶ್ನೆಗಳ ಜಿಎಡಿ-7. ಎರಡೂ ಉಚಿತ, ಯಾರ ಅನುಮತಿಯೂ ಬೇಡ, ಹಲವು ಭಾಷೆಗಳಲ್ಲಿ ಸಿಗುತ್ತವೆ. ಪಿಎಚ್‌ಕ್ಯೂ-9ರಲ್ಲಿ 0ರಿಂದ 27ರವರೆಗೆ ಅಂಕ. ಹತ್ತು ಮುಟ್ಟಿದರೆ ಮಧ್ಯಮ, ಹದಿನೈದು ಮುಟ್ಟಿದರೆ ಸಾಕಷ್ಟು ತೀವ್ರ, ಇಪ್ಪತ್ತು ಮುಟ್ಟಿದರೆ ತೀವ್ರ. ಜಿಎಡಿ-7ರಲ್ಲಿ ಒಟ್ಟು 21, ಅಲ್ಲೂ ಹತ್ತೇ ಗಮನಿಸಬೇಕಾದ ಗೆರೆ. ಎರಡೂ ಕೇಳುವುದು ಕಳೆದ ಎರಡು ವಾರದ ಬಗ್ಗೆ ಮಾತ್ರ. ಹಾಗಾಗಿ ಪರೀಕ್ಷೆಯ ಹೊತ್ತಿನ ಅಂಕ ಮೇಲೇರಿರುತ್ತದೆ. ಅದೊಂದನ್ನೇ ನೋಡಿ ಕಾಯಿಲೆಯ ಹೆಸರು ಹಚ್ಚಬೇಡಿ. ಮುಂದೆ ಮತ್ತೆ ತುಂಬಿಸಿದಾಗ ಪಿಎಚ್‌ಕ್ಯೂ-9ರಲ್ಲಿ 5 ಅಂಕದ ಇಳಿಕೆ ಕಂಡರೆ ನಿಜವಾದ ಸುಧಾರಣೆ ಎನ್ನಬಹುದು.

ಇಲ್ಲಿಯೇ ಒಂದು ಗಂಭೀರ ಅಪಾಯವಿದೆ. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ. ಫಾರಂ ಆನ್‌ಲೈನ್‌ನಲ್ಲಿದ್ದರೆ ಯಾರೋ ಶುಕ್ರವಾರ ರಾತ್ರಿ ಅದನ್ನು ತುಂಬುತ್ತಾರೆ, ಕೇಂದ್ರದವರು ತೆರೆದು ನೋಡುವುದು ಸೋಮವಾರ ಬೆಳಗ್ಗೆ. ಆ ನಡುವೆ ಆ ವಿದ್ಯಾರ್ಥಿ ‘ನಾನು ಹೇಳಿಬಿಟ್ಟೆ, ಯಾರೂ ಏನೂ ಕೇಳಲಿಲ್ಲ’ ಎಂದುಕೊಂಡಿರುತ್ತಾನೆ. ಉತ್ತರವನ್ನು ಓದುವವರಿಲ್ಲದ ಹೊತ್ತಿನಲ್ಲಿ ಆ ಪ್ರಶ್ನೆ ಕೇಳಲೇಬಾರದು. ಪೂರ್ತಿ ಪಿಎಚ್‌ಕ್ಯೂ-9ನ್ನು ಕೇಂದ್ರದಲ್ಲೇ, ಭೇಟಿಗೆ ಹತ್ತು ನಿಮಿಷ ಮೊದಲು ತುಂಬಿಸುವುದು ಸುರಕ್ಷಿತ. ಆನ್‌ಲೈನ್‌ನಲ್ಲೇ ಇರಬೇಕೆಂದರೆ, ಸೊನ್ನೆಗಿಂತ ಹೆಚ್ಚಿನ ಉತ್ತರ ಬಂದ ಕ್ಷಣವೇ ಸಹಾಯವಾಣಿಯ ಸಂಖ್ಯೆ ಪರದೆಯ ಮೇಲೆ ಕಾಣಬೇಕು, ಆ ಹೊತ್ತಿನ ತುರ್ತು ಸರದಿಯಲ್ಲಿರುವ ಕೌನ್ಸೆಲರ್‌ಗೆ ಸಂದೇಶ ಹೋಗಬೇಕು. ಕಾಗದದ ಮೇಲಾಗಲಿ ಪರದೆಯ ಮೇಲಾಗಲಿ, ಆ ಪ್ರಶ್ನೆಗೆ 1 ಬಂದರೂ ಅದೇ ದಿನ ಬಾಯಿಬಿಟ್ಟು ಮಾತಾಡಿಸಲೇಬೇಕು. ಕೇಳಿದರೆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹಲವರಿಗಿದೆ, ಅದಕ್ಕೆ ಆಧಾರವಿಲ್ಲ. ನೇರವಾಗಿ, ಮೃದುವಾಗಿ ಕೇಳಿದಾಗ ಹೆಚ್ಚಿನವರ ಮುಖದಲ್ಲಿ ಕಾಣುವುದು ನಿರಾಳ.

ಒಪ್ಪಿಗೆ ಪತ್ರವನ್ನು ಸಹಿಗೆಂದು ಮುಂದೆ ತಳ್ಳದೆ, ಮುಖ್ಯವಾದ ಸಾಲುಗಳನ್ನು ಓದಿ ಹೇಳಿ. ಇಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಜೀವಕ್ಕೆ ಅಪಾಯ, ಬೇರೆಯವರಿಗೆ ಅಪಾಯ, ಕಾನೂನು ಕೇಳಿದ ಸಂದರ್ಭ ಇವಿಷ್ಟೇ ಅಪವಾದ. ಇಲ್ಲಿಯ ದಾಖಲೆ ಅಂಕಪಟ್ಟಿಯ ಕಡತಕ್ಕೆ ಸೇರುವುದಿಲ್ಲ. ಈ ಕೊನೆಯ ವಾಕ್ಯ ಹೇಳಿದ ಮೇಲೆಯೇ ಎಷ್ಟೋ ಮಂದಿ ನಿಜವಾದ ಕಾರಣ ಹೇಳತೊಡಗುತ್ತಾರೆ.

ಸೆಮಿಸ್ಟರ್‌ನ ಮೊದಲ ಎರಡು ವಾರ ಸಮಾಧಾನವಾಗಿರುತ್ತದೆ. ಎಡವುವುದು ಇಲ್ಲೇ. ಬಿಡುವಿದೆಯೆಂದು ಮೊದಲು ಬಂದವರಿಗೆಲ್ಲ ‘ಪ್ರತಿ ವಾರ ಇದೇ ದಿನ, ಇದೇ ಸಮಯ’ ಎಂದು ಕೊನೆಯವರೆಗೆ ಬರೆದುಕೊಟ್ಟರೆ ಮೂರನೆಯ ವಾರಕ್ಕೆ ಡೈರಿ ಮುಗಿಯಿತು. ಒಂದು ಸಲಕ್ಕೆ ಒಂದು ಅಥವಾ ಎರಡು ಮುಂದಿನ ಭೇಟಿಗಳನ್ನಷ್ಟೇ ಬರೆಯಿರಿ. ಅಂತರವನ್ನು ವಿದ್ಯಾರ್ಥಿಯ ಸ್ಥಿತಿ ನೋಡಿ ನಿರ್ಧರಿಸಿ: ಕುಸಿದಿರುವವರಿಗೆ ವಾರಕ್ಕೊಮ್ಮೆ, ಚೇತರಿಸಿಕೊಳ್ಳುತ್ತಿರುವವರಿಗೆ ಎರಡು ವಾರಕ್ಕೊಮ್ಮೆ. ಎಲ್ಲರಿಗೂ ತಿಂಗಳಿಗೊಮ್ಮೆ ಎಂಬ ಸಮಾನ ಹಂಚಿಕೆ ನ್ಯಾಯವಾಗಿ ಕಾಣುತ್ತದೆ, ಆದರೆ ಯಾರಿಗೂ ಪ್ರಯೋಜನವಾಗುವಷ್ಟು ಚಿಕಿತ್ಸೆ ಆಗುವುದಿಲ್ಲ.

ಅರ್ಧ ಗಂಟೆಯ ಮೊದಲ ಭೇಟಿಯನ್ನು ಬರೀ ವಿಚಾರಣೆಯಾಗಿ ಮುಗಿಸಬೇಡಿ. ಇಸ್ರೇಲಿನ ಮನೋವಿಜ್ಞಾನಿ ಮೋಶೆ ತಾಲ್ಮನ್ ಒಂದೇ ಭೇಟಿಯ ಚಿಕಿತ್ಸೆಯ ಬಗ್ಗೆ 1990ರಲ್ಲಿ ಬರೆದಾಗ ಗಮನಕ್ಕೆ ತಂದ ಸಂಗತಿಯೆಂದರೆ, ಚಿಕಿತ್ಸೆಗೆ ಬರುವವರಲ್ಲಿ ಅತಿ ಹೆಚ್ಚು ಮಂದಿ ಬರುವುದು ಒಂದೇ ಸಲ. ಎರಡನೆಯ ಸಲ ಬರುತ್ತಾರೆಂದು ನೆಚ್ಚಿಕೊಂಡು ಮೊದಲ ಸಲ ಬರೀ ಇತಿಹಾಸ ಬರೆದುಕೊಂಡರೆ, ಬಾರದೆ ಹೋದವರಿಗೆ ಏನೂ ಸಿಕ್ಕಿರುವುದಿಲ್ಲ. ನಾವು ಅನುಸರಿಸಿದ ಕ್ರಮ ಹೀಗಿದೆ: ಮೊದಲ ಐದು ನಿಮಿಷ ಒಪ್ಪಿಗೆ ಮತ್ತು ಗುಟ್ಟಿನ ಮಾತು. ನಂತರ ‘ಇವತ್ತು ಇಲ್ಲಿಂದ ಹೊರಡುವಾಗ ಯಾವ ಒಂದು ವಿಷಯ ಸ್ವಲ್ಪ ಹಗುರಾಗಿದ್ದರೆ ಬಂದದ್ದು ಸಾರ್ಥಕ ಅನ್ನಿಸುತ್ತೆ?’ ಎಂಬ ಪ್ರಶ್ನೆ. ಹದಿನೈದು ನಿಮಿಷ ಅದರ ಸುತ್ತಲೇ, ನಿದ್ದೆ ಊಟ ಸುರಕ್ಷತೆಯ ವಿಚಾರವೂ ಸೇರಿ. ಕೊನೆಯ ಹತ್ತು ನಿಮಿಷದಲ್ಲಿ ಮುಂದಿನ ದಾರಿ ತೀರ್ಮಾನಿಸಿ, ಅದನ್ನು ನಾಲ್ಕೈದು ಸಾಲಿನಲ್ಲಿ ಬರೆದು ವಿದ್ಯಾರ್ಥಿಯ ಕೈಗೆ ಕೊಡುವುದು. ಅಳು ಬಂದ ಮನಸ್ಸಿಗೆ ಕೇಳಿದ್ದು ನೆನಪಿರುವುದಿಲ್ಲ; ಆ ಚೀಟಿ ಅನಿವಾರ್ಯ.

ಅಪಾಯದ ಸುಳಿವು ಸಿಕ್ಕಾಗ ಅಂದಾಜಿಗೆ ಬಿಡದೆ, ಆತ್ಮಹತ್ಯೆಯ ಅಪಾಯವನ್ನು ಅಳೆಯುವ ಕೊಲಂಬಿಯಾ ಮಾಪಕದ ಆರು ಪ್ರಶ್ನೆಗಳನ್ನು ಕ್ರಮವಾಗಿ ಕೇಳುತ್ತೇವೆ. ಮೊದಲೆರಡು ಎಲ್ಲರಿಗೂ. ಎರಡನೆಯದಕ್ಕೆ ಹೌದು ಎಂದರೆ ಮೂರರಿಂದ ಐದು, ಇಲ್ಲವೆಂದರೆ ನೇರವಾಗಿ ಆರನೆಯದು. ಉದ್ದೇಶ, ಯೋಜನೆ ಅಥವಾ ಇತ್ತೀಚಿನ ಪ್ರಯತ್ನ ಇದ್ದರೆ ಆ ವಿದ್ಯಾರ್ಥಿಯನ್ನು ಒಂಟಿಯಾಗಿ ಕಳಿಸುವ ಮಾತೇ ಇಲ್ಲ. ಇಲ್ಲಿ ‘ಏನೂ ಮಾಡಿಕೊಳ್ಳುವುದಿಲ್ಲ’ ಎಂದು ಬರೆಸಿಕೊಳ್ಳುವ ಹಳೆಯ ರೂಢಿಯನ್ನು ಪೂರ್ತಿ ಕೈಬಿಡಿ. ಅದು ಜೀವ ಕಾಯುತ್ತದೆ ಎನ್ನಲು ಪುರಾವೆಯಿಲ್ಲ. ವಿದ್ಯಾರ್ಥಿ ಮುಂದೆ ನಿಜ ಹೇಳಲು ಹಿಂಜರಿಯುವಂತೆ ಮಾಡುತ್ತದೆ. ಅದರ ಬದಲು ಅಮೆರಿಕದ ಮನೋವಿಜ್ಞಾನಿಗಳಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗೊರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯನ್ನು ಜೊತೆಗೆ ಕೂತು ಬರೆಯಿರಿ. ಕೆಟ್ಟ ಗಳಿಗೆ ಹತ್ತಿರವಾಗುತ್ತಿದೆ ಎಂಬುದರ ಸೂಚನೆಗಳು, ತಾನೊಬ್ಬನೇ ಮಾಡಬಹುದಾದ್ದು, ಮನಸ್ಸು ಬೇರೆಡೆ ಹೊರಳಿಸುವ ಜಾಗ ಮತ್ತು ಜನ, ನೆರವು ಕೇಳಬಹುದಾದ ಆಪ್ತರು, ವೃತ್ತಿಪರರು ಮತ್ತು ಸಹಾಯವಾಣಿ, ಅಪಾಯದ ವಸ್ತುಗಳನ್ನು ದೂರ ಇಡುವ ಬಗೆ. ಹೀಗೆ ಆರು ಭಾಗ. ಅವಸರವಿಲ್ಲದೆ ಬರೆದರೆ 20ರಿಂದ 45 ನಿಮಿಷ ಹಿಡಿಯುತ್ತದೆ. ಮಾತುಗಳು ವಿದ್ಯಾರ್ಥಿಯದೇ ಆಗಿರಬೇಕು. ‘ಸ್ನೇಹಿತರೊಂದಿಗೆ ಮಾತಾಡುವುದು’ ಎಂದು ಬರೆದರೆ ರಾತ್ರಿ ಎರಡು ಗಂಟೆಗೆ ಅದು ಕೆಲಸಕ್ಕೆ ಬರುವುದಿಲ್ಲ. ಯಾವ ಸ್ನೇಹಿತೆ, ಆಕೆಯ ನಂಬರ್ ಏನು, ಆ ಹೊತ್ತಿನಲ್ಲಿ ಎತ್ತುತ್ತಾಳಾ, ಇಷ್ಟೂ ಬೇಕು.

ಯೋಜನೆ ಬರೆದುಕೊಟ್ಟರೆ ಮುಗಿಯಲಿಲ್ಲ, ಫೋನು ಮಾಡಬೇಕು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಯೋಜನೆ ಮತ್ತು ಅದರ ಹಿಂದೆಯೇ ಬಂದ ಫೋನು ಕರೆಗಳು ಸೇರಿ, ಆರು ತಿಂಗಳಲ್ಲಿ ಆತ್ಮಹತ್ಯಾ ವರ್ತನೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದವು. ಮೊದಲ ಕರೆ 72 ಗಂಟೆಯೊಳಗೆ. ಯಾರು ಮಾಡುತ್ತಾರೆ ಎಂಬುದನ್ನು ಹೆಸರು ಹಿಡಿದು ಬರೆದಿಡದಿದ್ದರೆ ಆ ಕರೆ ತಪ್ಪಿಹೋಗುತ್ತದೆ, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ಮಾಡಿರುತ್ತಾರೆ ಎಂದುಕೊಳ್ಳುತ್ತಾರೆ.

ಮಧ್ಯಂತರ ಪರೀಕ್ಷೆಯ ಹೊತ್ತಿಗೆ ಗುಂಪುಗಳ ಬೆಲೆ ತಿಳಿಯುತ್ತದೆ. ಎಂಟು ಮಂದಿಯ 90 ನಿಮಿಷದ ಗುಂಪನ್ನು ಇಬ್ಬರು ನಡೆಸಿದರೂ ಖರ್ಚಾಗುವುದು 3 ಗಂಟೆ. ಅದೇ ಎಂಟು ಮಂದಿಯನ್ನು ಬಿಡಿಬಿಡಿಯಾಗಿ ನೋಡಿದರೆ 8 ಗಂಟೆ. ಆದರೆ ಗುಂಪನ್ನು ಮಧ್ಯಂತರ ಪರೀಕ್ಷೆಯ ಹೊತ್ತಿಗೆ ಶುರುಮಾಡಿದರೆ ಅದು ಬಾಳುವುದಿಲ್ಲ. ಹೆಸರು ಕೂಡಿಸುವುದು ಎರಡನೆಯ ವಾರದಿಂದ, ಮೊದಲ ಕೂಟ ನಾಲ್ಕನೆಯ ವಾರದೊಳಗೆ. ಸೇರುವ ಮೊದಲು ಪ್ರತಿಯೊಬ್ಬರನ್ನೂ ಇಪ್ಪತ್ತು ನಿಮಿಷ ಒಬ್ಬೊಬ್ಬರಾಗಿ ಮಾತಾಡಿಸಿ. ಈ ಹೆಜ್ಜೆ ಬಿಟ್ಟ ಗುಂಪುಗಳಲ್ಲಿ ಎರಡನೆಯ ವಾರವೇ ಕುರ್ಚಿಗಳು ಖಾಲಿಯಾಗುತ್ತವೆ. ಹೇಳುವ ರೀತಿಯೂ ಮುಖ್ಯ. ‘ಒಬ್ಬರೇ ಬರಲು ಸಮಯ ಖಾಲಿಯಿಲ್ಲ, ಅಲ್ಲಿಯವರೆಗೆ ಗುಂಪಿಗೆ ಬನ್ನಿ’ ಎಂದರೆ ಯಾರೂ ಬರುವುದಿಲ್ಲ, ಬರಬಾರದು ಕೂಡ. ನಾಲ್ಕು ಜನರೆದುರು ಬಾಯಿ ತೆರೆಯಲು ಹೆದರುವವರಿಗೆ ಆ ಹೆದರಿಕೆಯನ್ನು ಅಭ್ಯಾಸ ಮಾಡಿ ದಾಟಲು ಗುಂಪಿನಷ್ಟು ಒಳ್ಳೆಯ ಜಾಗ ಇಲ್ಲ, ಅದನ್ನೇ ಹೇಳಿ. ತೀವ್ರ ಅಪಾಯದಲ್ಲಿರುವವರನ್ನು, ಆಘಾತದ ಹಸಿ ನೆನಪು ಹೊತ್ತವರನ್ನು ಮಾತ್ರ ಮೊದಲು ಒಬ್ಬೊಬ್ಬರಾಗಿ ನೋಡಬೇಕು.

ಕೆಲವರಿಗೆ ಮನೋವೈದ್ಯರು ಬೇಕು. ಹೆಸರು ಮತ್ತು ಫೋನ್ ನಂಬರ್ ಬರೆದ ಚೀಟಿ ಕೊಟ್ಟು ಕಳಿಸಿದರೆ ಬಹುಪಾಲು ಮಂದಿ ಹೋಗುವುದಿಲ್ಲ. ಸೆಷನ್ ನಡೆಯುವಾಗಲೇ, ಅವರ ಎದುರಿನಲ್ಲೇ ಕರೆ ಮಾಡಿ ದಿನ ಗೊತ್ತುಮಾಡಿ. ಲಿಖಿತ ಒಪ್ಪಿಗೆ ಪಡೆದು ಒಂದು ಪುಟದ ಸಾರಾಂಶ ಕಳಿಸಿ. ಆ ದಿನ ಕಳೆದ ಮೇಲೆ ಹೋದರೇ ಎಂದು ವಿಚಾರಿಸಿ. ಅಲ್ಲಿಯೂ ಕಾಯಬೇಕಾಗಬಹುದು, ಖರ್ಚೂ ಆಗಬಹುದು. ಎಷ್ಟು, ಯಾರು ಭರಿಸುತ್ತಾರೆ ಎಂಬುದನ್ನು ಮೊದಲೇ ತಿಳಿದುಕೊಂಡು ಹೇಳಿ, ಏಕೆಂದರೆ ಮನೆಯವರಿಗೆ ಗೊತ್ತಾಗದಂತೆ ಆ ಹಣ ಹೊಂದಿಸಲಾಗದೆ ಎಷ್ಟೋ ಮಂದಿ ಸುಮ್ಮನಾಗಿಬಿಡುತ್ತಾರೆ. ಔಷಧಿ ಶುರುವಾದ ಮೇಲೂ ಕೌನ್ಸೆಲರ್ ಕೆಲಸವಿದೆ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಕೆಲವು ವಾರ ಬೇಕು, ಹೊಟ್ಟೆ ತೊಳೆಸುವುದು, ತಲೆನೋವು ಮಾತ್ರ ಮೊದಲ ದಿನಗಳಲ್ಲೇ ಬರುತ್ತವೆ. ಈ ಮಾತು ಗೊತ್ತಿಲ್ಲದವರು ಹತ್ತನೆಯ ದಿನಕ್ಕೆ ತಾವಾಗಿಯೇ ನಿಲ್ಲಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಕರು 2007ರಲ್ಲಿ ಈ ಮಾತ್ರೆಗಳ ಎಚ್ಚರಿಕೆಯನ್ನು 24 ವಯಸ್ಸಿನವರೆಗೆ ವಿಸ್ತರಿಸಿದರು. ಅಂದರೆ ಚಿಕಿತ್ಸೆಯ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಾಗುತ್ತಿದೆಯೇ ಎಂದು ನಿಗಾ ಇಡಬೇಕಾದ ವಯಸ್ಸೇ ನಮ್ಮ ವಿದ್ಯಾರ್ಥಿಗಳದು. ಆ ವಾರಗಳ ಭೇಟಿಯನ್ನು ಯಾವ ಕಾರಣಕ್ಕೂ ಮುಂದೂಡಬೇಡಿ.

ಸೆಮಿಸ್ಟರ್ ಕೊನೆಯಾಗುತ್ತಿದ್ದಂತೆ ಪತ್ರ ಕೇಳುವವರು ಬರುತ್ತಾರೆ: ಹಾಜರಾತಿಗೆ, ಗಡುವು ವಿಸ್ತರಣೆಗೆ, ಪರೀಕ್ಷೆ ಮುಂದೂಡಲು. ಒಂದು ಪತ್ರಕ್ಕೆ ಇಪ್ಪತ್ತು ನಿಮಿಷ ಹೋದರೆ ಮೂರು ಪತ್ರಕ್ಕೆ ಒಂದು ಸೆಷನ್ ಹೋಯಿತು. ನಿಯಮವನ್ನು ಸೆಮಿಸ್ಟರ್ ಶುರುವಿನಲ್ಲೇ ಗೋಡೆಗೆ ಹಚ್ಚಿ: ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇದ್ದಾಗ, ಬಂದ ದಿನಾಂಕಗಳು ಮತ್ತು ಯಾವ ಅನುಕೂಲ ಬೇಕು ಎಂಬುದಷ್ಟೇ, ಕಾಯಿಲೆಯ ಹೆಸರಿಲ್ಲದೆ, ಸಿದ್ಧಪಡಿಸಿದ ಒಂದೇ ನಮೂನೆಯಲ್ಲಿ. ಅನುಕೂಲ ಕೊಡುವ ಬಿಡುವ ನಿರ್ಧಾರ ವಿಭಾಗದ್ದು. ಮನಸ್ಸು ಬಿಚ್ಚಿಡುವ ಕೋಣೆಯೇ ಪರವಾನಗಿ ಕೊಡುವ ಕೋಣೆಯೂ ಆದರೆ ಅಲ್ಲಿ ನಿಜ ಹೇಳುವುದು ಕಷ್ಟ.

ಮನೆಯವರ ಕರೆಗಳೂ ಇದೇ ಹೊತ್ತಿಗೆ ಹೆಚ್ಚುತ್ತವೆ. ‘ನಮ್ಮ ಮಗಳು ನಿಮ್ಮ ಹತ್ರ ಬರ್ತಿದಾಳಾ ಮೇಡಂ?’ ಎಂಬ ಪ್ರಶ್ನೆಗೆ ಹೌದು, ಇಲ್ಲ ಎರಡೂ ಹೇಳುವಂತಿಲ್ಲ. ‘ಯಾರು ಬರ್ತಾರೆ, ಯಾರು ಬರಲ್ಲ ಅಂತ ನಾವು ಯಾರಿಗೂ ಹೇಳೋ ಹಾಗಿಲ್ಲಮ್ಮ. ಆದ್ರೆ ನಿಮಗೆ ಏನು ಭಯ ಆಗ್ತಿದೆ ಹೇಳಿ, ನಾನು ಕೇಳಿಸ್ಕೊಳ್ತೀನಿ’ ಎಂದರೆ ತಾಯಿಯ ಗಾಬರಿಯೂ ಅರ್ಧ ಇಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಮಾಹಿತಿ ಕೊಡಲು ಅಡ್ಡಿಯಿದೆ, ಕೇಳಿಸಿಕೊಳ್ಳಲು ಇಲ್ಲ. ಈ ಮಾತನ್ನು ಮೊದಲು ಫೋನ್ ಎತ್ತುವ ಕಚೇರಿ ಸಿಬ್ಬಂದಿಗೂ ಕಲಿಸಿರಬೇಕು. ಗುಟ್ಟು ಸೋರುವುದು ಹೆಚ್ಚಾಗಿ ಮುಂಬಾಗಿಲಿನ ಮೇಜಿನಿಂದಲೇ.

ಕೌನ್ಸೆಲರ್‌ಗಳ ಕ್ಷೇಮದ ವಿಚಾರವನ್ನು ಯೋಗ ಶಿಬಿರಕ್ಕೆ ಬಿಟ್ಟುಬಿಡುವ ಆಡಳಿತಗಳಿವೆ. ಬೇಕಾಗಿರುವುದು ವೇಳಾಪಟ್ಟಿಯಲ್ಲಿ ಜಾಗ. ದಿನಕ್ಕೆ ಐದು, ಹೆಚ್ಚೆಂದರೆ ಆರು ಸೆಷನ್. ತುರ್ತು ಸರದಿಯ ದಿನ ಬೇರೆ ಭೇಟಿ ಬೇಡ. ವಾರಕ್ಕೊಂದು ಗಂಟೆ ಸೂಪರ್‌ವಿಷನ್, ಅದನ್ನು ಯಾವ ಸಭೆಯೂ ನುಂಗಬಾರದು. ತೀವ್ರ ಅಪಾಯದ ಪ್ರಕರಣಗಳು ‘ಅವರು ಚೆನ್ನಾಗಿ ನಿಭಾಯಿಸುತ್ತಾರೆ’ ಎಂಬ ಹೆಸರಿರುವ ಒಬ್ಬರ ಹೆಗಲಿಗೇ ಬೀಳುತ್ತವೆ, ಮೊದಲು ಕೆಲಸ ಬಿಡುವವರೂ ಅವರೇ. ಯಾರ ಬಳಿ ಅಂಥ ಎಷ್ಟು ಪ್ರಕರಣಗಳಿವೆ ಎಂದು ವಾರಕ್ಕೊಮ್ಮೆ ಎಣಿಸಿ ಹಂಚಿ.

ಆಡಳಿತದ ಮುಂದೆ ಹೋಗುವಾಗ ದಣಿವಿನ ಮಾತಿಗಿಂತ ಅಂಕಿ ಕೆಲಸಕ್ಕೆ ಬರುತ್ತದೆ. ಒಬ್ಬ ಪೂರ್ಣಾವಧಿ ಕೌನ್ಸೆಲರ್‌ಗೆ 1,000ದಿಂದ 1,500 ವಿದ್ಯಾರ್ಥಿಗಳು ಎಂಬುದು ಕೌನ್ಸೆಲಿಂಗ್ ಸೇವೆಗಳಿಗೆ ಮಾನ್ಯತೆ ನೀಡುವ ಅಂತಾರಾಷ್ಟ್ರೀಯ ಸಂಸ್ಥೆ ಬಹುಕಾಲ ಹೇಳುತ್ತ ಬಂದ ಅನುಪಾತ. ಇದಕ್ಕಿಂತ ಸೂಕ್ಷ್ಮವಾದದ್ದು ಮೊದಲು ಹೇಳಿದ ಪೆನ್ಸಿಲ್ವೇನಿಯಾ ಸ್ಟೇಟ್ ಕೇಂದ್ರದ ಕೆಲಸದ ಹೊರೆಯ ಸೂಚ್ಯಂಕ. ವಾರದ ಒಟ್ಟು ಸೆಷನ್ ಗಂಟೆಗಳನ್ನು 24ರಿಂದ ಭಾಗಿಸಿ. ವರ್ಷದಲ್ಲಿ ಬಂದ ವಿದ್ಯಾರ್ಥಿಗಳ ಸಂಖ್ಯೆಯನ್ನು ಆ ಭಾಗಲಬ್ಧದಿಂದ ಭಾಗಿಸಿ. ವಾರಕ್ಕೆ 120 ಗಂಟೆ ಇದ್ದು 600 ಮಂದಿ ಬಂದಿದ್ದರೆ ಸೂಚ್ಯಂಕ 120. ಈ ಸಂಖ್ಯೆ ಏರಿದಂತೆ ವಿದ್ಯಾರ್ಥಿಗಳಿಗೆ ಸಿಗುವ ಸೆಷನ್‌ಗಳು ಕಡಿಮೆಯಾಗುತ್ತವೆ, ನಡುವಿನ ಅಂತರ ಹೆಚ್ಚುತ್ತದೆ, ಸುಧಾರಣೆಯೂ ತಗ್ಗುತ್ತದೆ ಎಂದು ಅವರ ವರದಿಗಳು ತೋರಿಸಿವೆ. ಹೊಸ ಹುದ್ದೆ ಕೇಳಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಕಾಯುವ ಅವಧಿಯನ್ನು ಅಳೆಯುವಾಗ ಡೈರಿಯಲ್ಲಿ ಮೊದಲು ಖಾಲಿ ಕಾಣುವ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ಯಾರೋ ರದ್ದುಮಾಡಿದ್ದರಿಂದ ಸಿಕ್ಕ ಜಾಗವಿರಬಹುದು. ಮೂರನೆಯ ಖಾಲಿ ಸಮಯ ಎಷ್ಟು ದಿನ ದೂರವಿದೆ ಎಂದು ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿನಲ್ಲಿ ಬರೆದಿಡಿ. ಹೊಸಬರಿಗೆ ಒಂದು, ಹಳಬರಿಗೆ ಇನ್ನೊಂದು, ಎರಡು ಪ್ರತ್ಯೇಕ ಕಾಲಂ. ಮೊದಲ ಕಾಲಂ ಎರಡು ಮೂರು ದಿನದಲ್ಲಿ ನಿಂತು, ಎರಡನೆಯದು ಎರಡು ವಾರ ದಾಟುತ್ತಿದ್ದರೆ ಹೊಸಬರ ಗಂಟೆಗಳಲ್ಲಿ ಒಂದೆರಡನ್ನು ಹಳಬರ ಕಡೆಗೆ ಅದೇ ವಾರ ತಿರುಗಿಸಬೇಕು. ಕೈ ಬರುವುದಿಲ್ಲ, ನಿಜ. ಹೊರಗೆ ನಿಂತವರ ಮುಖ ಕಣ್ಣಿಗೆ ಕಾಣುತ್ತದೆ. ಒಮ್ಮೆ ಬಂದು, ಮುಂದಿನ ದಿನಾಂಕ ದೂರವಾಯಿತೆಂದು ಮತ್ತೆ ಬಾರದೆ ಹೋದವರು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಎರಡನೆಯ ಕಾಲಂ ಬೇಕು.

ರಜೆ ಶುರುವಾಗುವ ಎರಡು ವಾರ ಮೊದಲು ಇನ್ನೊಂದು ಪಟ್ಟಿ ಸಿದ್ಧವಾಗಬೇಕು. ಅಪಾಯದ ಗುರುತು ಇರುವ ಪ್ರತಿ ವಿದ್ಯಾರ್ಥಿಯ ಹೆಸರಿನ ಮುಂದೆ, ರಜೆಯಲ್ಲಿ ಎಲ್ಲಿರುತ್ತಾರೆ, ಔಷಧಿ ಎಷ್ಟು ದಿನಕ್ಕೆ ಸಾಕು, ಅಲ್ಲಿ ಯಾರನ್ನು ಕಾಣಬಹುದು, ಮನೆಯೇ ಕಷ್ಟದ ಜಾಗವಾಗಿದ್ದರೆ ಬೇರೆ ಎಲ್ಲಿ ಉಳಿಯಬಹುದು, ಯಾವ ದಿನ ಯಾರು ಕರೆ ಮಾಡುತ್ತಾರೆ ಎಂದು ಬರೆಯಿರಿ. ಹಾಸ್ಟೆಲ್ ಮುಚ್ಚಿದ ಮೇಲೆ ವಾರ್ಡನ್ ಕಣ್ಣೂ ಇರುವುದಿಲ್ಲ, ಗೆಳೆಯರೂ ಇರುವುದಿಲ್ಲ. ಸುರಕ್ಷತಾ ಯೋಜನೆಯಲ್ಲಿ ಕ್ಯಾಂಪಸ್ಸಿನ ಜಾಗ, ಕ್ಯಾಂಪಸ್ಸಿನ ಜನರಷ್ಟೇ ಇದ್ದರೆ ಕೊನೆಯ ಸೆಷನ್‌ನಲ್ಲಿ ಅದನ್ನು ಮನೆಯ ಪರಿಸರಕ್ಕೆ ಹೊಂದುವಂತೆ ತಿದ್ದಿ ಬರೆಯಬೇಕು. ತರಗತಿ ಮರಳಿ ತೆರೆಯುವ ಮೊದಲ ವಾರದ ಭೇಟಿಯ ದಿನಾಂಕವನ್ನೂ ಆಗಲೇ ಕೊಟ್ಟು ಕಳಿಸಿ.